ನಕಲು ವಿಭಾಗ, ಮೂರನೇ ಕಿಟಕಿ

ಕಾಳಾಚಾರ್ ಮೊದಲ ಸಲ ಬಂದದ್ದು ಫೆಬ್ರುವರಿಯಲ್ಲಿ.
ಹಾಸನದ ಕೋರ್ಟಿನ ಹಿಂಬದಿ, ಮೂರನೇ ಕಿಟಕಿ,
ಒಳಗೆ ನಾನು, ಗೋಂದು, ದಾರ, ಮೊಹರು.
ಮಾತಿಗೆ ಮುಂಚೆ ಕಿಟಕಿಯ ಕಂಬಿ ಅಲುಗಿಸಿ ನೋಡಿದರು:
"ವೆಲ್ಡಿಂಗ್ ಸರಿಯಾಗಿ ಹತ್ತಿಲ್ಲ, ಅಮ್ಮ."

ಕೈಗಾರಿಕಾ ಬಡಾವಣೆಯಲ್ಲಿ ಅವರದೊಂದು ಶೆಡ್ಡು,
ಬಿತ್ತನೆ ಆಲೂಗಡ್ಡೆ ಕೊಯ್ಯುವ ಯಂತ್ರ.
ಸೈಕಲ್ ಚೈನು, ಒರಟು ಕೂದಲಿನ ಬ್ರಶ್ಶು,
ಒಂದೊಂದು ಕೊಯ್ತಕ್ಕೂ ಔಷಧಿಯಲ್ಲಿ
ಬಾಯಿ ಮುಕ್ಕಳಿಸುವ ಕತ್ತಿ,
ಒಂದು ಗಡ್ಡೆಯ ರೋಗ ಇನ್ನೊಂದಕ್ಕೆ ದಾಟದ ಹಾಗೆ.
ಆ ಮುಕ್ಕಳಿಕೆ ನಮ್ಮದು ಅಂದಿತು
ಕೊಯಮತ್ತೂರಿನ ಕಂಪನಿ, ಪೇಟೆಂಟಿನ ನಂಬರು ಸಮೇತ.
"ಅವರದಕ್ಕಿಂತ ಆರು ವರ್ಷ ಮುಂಚೆ
ದುದ್ದದ ಸಂತೇಲಿ ಮಾರಿದ್ದೀನಿ. ಒಂದು ಇನ್ನೂ ಓಡ್ತಾ ಇದೆ.
ಒಬ್ಬ ಇಂಜಿನಿಯರನ್ನ ಕಳಿಸಿ ನೋಡಿಸಿ ಸ್ವಾಮಿ ಅಂದೆ."
ಜಡ್ಜು, ಈಗ ಬೇಡ ಅಂದರು. ಅರ್ಜಿ ವಜಾ.

ಒಂದೂವರೆ ಪುಟದ ಆ ವಜಾದ ನಕಲು ಬೇಕಿತ್ತು,
ಬೆಂಗಳೂರಿಗೆ, ಹೈಕೋರ್ಟಿಗೆ ಹೋಗಲು.
ಹಿಂದೆಯೇ ಏದುಸಿರಲ್ಲಿ ಬಂದರು ವಕೀಲೆ ಜಯಶೀಲಾ:
"ಇದಕ್ಕೆ ಅಪೀಲು ಬರಲ್ಲ, ಆಚಾರ್ರೇ.
ಯಾವುದಕ್ಕೆ ಬರುತ್ತೆ ಅಂತ ಕಾನೂನು ಪಟ್ಟಿ ಮಾಡಿದೆ,
ಪಟ್ಟೀಲಿ ಇದಿಲ್ಲ. ಕೊನೇ ತೀರ್ಪು ಬರಲಿ,
ಸೋತರೆ ಅದರ ಬೆನ್ನಿಗೆ ಈ ತಪ್ಪನ್ನೂ ಕಟ್ಟಿ ಒಯ್ಯೋಣ."
"ಗೆದ್ದರೆ?"
"ಗೆದ್ದರೆ ಈ ತಪ್ಪು ಯಾರಿಗೆ ಬೇಕು!"

ಅವರು ಉಗುರಿನ ಸಂದಿಯ ಮಸಿ ತೆಗೆಯುತ್ತ ನಿಂತರು.
"ಹಾಗಾದರೆ ಇದು ಕಣ್ಣಿಲ್ಲದ ತುಂಡು" ಅಂದರು ಕೊನೆಗೆ.
"ಗಡ್ಡೆಯೇನೋ ಗಡ್ಡೆಯೇ. ಕಣ್ಣಿದ್ದ ಕಡೆ ಮಾತ್ರ ಮೊಳಕೆ,
ಮಿಕ್ಕಿದ್ದನ್ನ ನೆಟ್ಟರೆ ಕೊಳೆತು ಮಣ್ಣು."
ಇಪ್ಪತ್ತೆರಡು ವರ್ಷ ಆದೇಶಗಳಿಗೆ ದಾರ ಹಾಕಿದ್ದೇನೆ,
ಒಂದರಲ್ಲೂ ಕಣ್ಣು ಹುಡುಕಿರಲಿಲ್ಲ.

ಏಪ್ರಿಲ್ ಹದಿನಾರಕ್ಕೆ ಬಂತು ಕಣ್ಣಿದ್ದದ್ದು:
ಮಧ್ಯಂತರ ತಡೆ.
ಮುಂದಿನ ಆದೇಶದವರೆಗೆ ಯಂತ್ರ ಮಾಡಕೂಡದು,
ಮಾರಕೂಡದು, ಬಾಡಿಗೆಗೂ ಬಿಡಕೂಡದು.
ಜಲಂಧರದ ಬಿತ್ತನೆ ಲಾರಿಗಳು
ಎಪಿಎಂಸಿಯಲ್ಲಿ ಸಾಲು ನಿಲ್ಲುವ ಹೊತ್ತು.
ಇದಕ್ಕೆ ಅಪೀಲು ಉಂಟು. ಅರವತ್ತು ದಿನ ಕಾಲಾವಕಾಶ.
ಅಷ್ಟರಲ್ಲಿ ಆಲೂಗಡ್ಡೆ
ಬಿತ್ತಿಸಿಕೊಂಡು, ಮೊಳೆತು, ಬುಡಕ್ಕೆ ಮಣ್ಣೇರಿಸಿಕೊಂಡು ನಿಂತಿರುತ್ತದೆ.

ಜೆರಾಕ್ಸ್ ಕೆಟ್ಟಿತ್ತು, ಎರಡು ಭಾನುವಾರ ಅಡ್ಡ ಬಂದವು.
ಮೊಹರಿನ ಒಳಗೆ ಬರೆದೆ:
ಅರ್ಜಿ ಬಂದದ್ದು ೧೭, ನಕಲು ಸಿದ್ಧವಾದದ್ದು ೨೮.
"ಭಯ ಬೇಡಿ, ಇಲ್ಲಿ ಕಾದ ದಿನಗಳನ್ನ
ಅರವತ್ತರಲ್ಲಿ ಎಣಿಸಲ್ಲ ಕಾನೂನು" ಎಂದೆ,
ಏನೋ ಉಪಕಾರ ಮಾಡಿದವಳ ಹಾಗೆ.
"ಕಾನೂನು ಎಣಿಸಲ್ಲ. ಶೆಡ್ಡಿನ ಓನರು ಎಣಿಸ್ತಾನಲ್ಲ."

ಜೂನಿನಲ್ಲಿ ಮತ್ತೆ ಬಂದರು. ಹೈಕೋರ್ಟಿನ ಕಚೇರಿಯ ಆಕ್ಷೇಪಣೆ:
ಪುಟ ಏಳು ಓದಲಾಗುತ್ತಿಲ್ಲ.
ನೋಡಿದೆ. ಗ್ರೀಸು. ಹೆಬ್ಬೆರಳಿನ ಪೂರ್ತಿ ಗುರುತು,
'ತುಂಬಿಕೊಡಲಾಗದ ನಷ್ಟ' ಎಂಬ ಸಾಲಿನ ಮೇಲೆ.
ಎಷ್ಟು ಸಲ ಅಲ್ಲೇ ಬೆರಳಿಟ್ಟು ಓದಿದ್ದರೋ.
ನಷ್ಟ ಕಂಪನಿಯದು ಎಂದಿತ್ತು ಆ ಸಾಲು.

"ಮತ್ತೆ ಅರ್ಜಿ ಬರೀಬೇಕಾ?"
"ಬರೀಬೇಕು."
"ಮತ್ತೆ ಹನ್ನೊಂದು ದಿನವಾ?"
ಅವತ್ತೇ ನಾಲ್ಕು ಗಂಟೆಗೆ ಕೊಟ್ಟೆ, ಸರತಿ ಮುರಿದು.
ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಅಪೀಲಿಗೆ ನಂಬರು ಬಿತ್ತಂತೆ. ಅಷ್ಟೇ ಗೊತ್ತು.
ಗ್ರೀಸಿನ ಏಳನೇ ಪುಟ ನನ್ನ ಡ್ರಾಯರಿನಲ್ಲಿದೆ,
ಎಸೆಯಬೇಕು, ಎಸೆದಿಲ್ಲ.
ಕಂಬಿ ಇನ್ನೂ ಅಲುಗುತ್ತದೆ.
ಅವರನ್ನೇ ಕರೆಸೋಣವೆಂದು ಮೇಲಿನವರಿಗೆ ಬರೆದಿದ್ದೆ;
ಸದ್ಯಕ್ಕೆ ಅಗತ್ಯವಿಲ್ಲ, ಎಂದು ಬಂತು.
ಇದಕ್ಕೆ ಅಪೀಲು ಇದೆಯಾ ಎಂದು
ಜಯಶೀಲಾ ಅವರನ್ನು ಕೇಳಬೇಕು.