ಇಪ್ಪತ್ತೆಂಟನೇ ದಿನ

ಮೇಟಗಳ್ಳಿಯ ಆಚೆ, ಟೈರ್ ಗೋಡೌನಿನ ಹಿಂದೆ ನಮ್ಮ ಲ್ಯಾಬು.
ಒಳಗೊಂದು ನೀರಿನ ತೊಟ್ಟಿ.
ತೊಟ್ಟಿಯಲ್ಲಿ ಕಾಂಕ್ರೀಟಿನ ಕ್ಯೂಬುಗಳು,
ಗೇಣಿಗೆ ಕೊಂಚ ಕಮ್ಮಿ,
ಉದ್ದ ಅಗಲ ಎತ್ತರ ಒಂದೇ.
ನೆತ್ತಿಯ ಮೇಲೆ ಕೆಂಪು ಪೇಂಟಿನಲ್ಲಿ ಬ್ಲಾಕು, ತಾರೀಖು.
ಇಪ್ಪತ್ತೆಂಟು ದಿನ ನೆನೆಯಬೇಕು.
ಬಾಣಂತಿಯ ಹಾಗೆ, ಅವಸರ ಮಾಡಬಾರದು.

ಆಮೇಲೆ ಎತ್ತಿ, ಒರೆಸಿ,
ಮಷೀನಿನ ಎರಡು ಅಂಗೈ ನಡುವೆ ಇಡುತ್ತೇನೆ.
ಮುಳ್ಳು ಏರುತ್ತದೆ. ನಾನೂರೈವತ್ತು ದಾಟಿದರೆ ಪಾಸು.
ಗಟ್ಟಿ ಇದ್ದದ್ದು ಸದ್ದು ಮಾಡಿ ಒಡೆಯುತ್ತದೆ,
ಬದಿಗಳು ಸಿಡಿದು, ನಡು ಸಣ್ಣಗಾಗಿ
ಬುಡುಬುಡಿಕೆಯ ಆಕಾರದಲ್ಲಿ ಉಳಿಯುತ್ತದೆ.
ಹದಿನೇಳು ವರ್ಷವಾಯಿತು.
ಆ ಸದ್ದಿಗೆ ಈಗಲೂ ಕಣ್ಣು ಮುಚ್ಚುತ್ತೇನೆ.

ಸಿ ಬ್ಲಾಕಿನ ಮೂರೂ ಸದ್ದು ಮಾಡಲಿಲ್ಲ.
ಮಳೆಗಾಲದಲ್ಲಿ ಮುಚ್ಚಳ ಹಾಕಲು ಮರೆತ
ಮಂಡ್ಯದ ಅಚ್ಚುಬೆಲ್ಲದ ಹಾಗೆ
ಮುನ್ನೂರಾ ಆರಕ್ಕೆ ಕೂತುಬಿಟ್ಟವು.
ಯಾಕೋ ಒಂದು ಚೂರು ಎತ್ತಿ ಮೂಸಿದೆ:
ಮಣ್ಣಿನ ವಾಸನೆ.
ಕಾಂಕ್ರೀಟಿಗೆ ಅದು ಇರಬಾರದು.

ಬರೆದೆ, ಹದಿಮೂರು ಪಾಯಿಂಟ್ ಆರು.
ಪೆನ್ನಿನಲ್ಲಿ.

ಮುಂದಿನ ವಾರ ಕಂಟ್ರಾಕ್ಟರ್ ಕಡೆಯ ಸಿದ್ದಪ್ಪಾಜಿ
ಲಗೇಜ್ ಆಟೋದಲ್ಲಿ ಇನ್ನೂ ಮೂರು ತಂದ.
"ಅವತ್ತೇ ಹಾಕಿದ್ದು ಕಣಕ್ಕ, ಸೈಟ್‌ನಲ್ಲೇ ನೆನ್ಸಿದ್ವಿ."
ಎಷ್ಟು ಚೆಂದ! ಮೈ ನುಣುಪು, ಮೂಲೆ ಚೂಪು,
ಹೆಣ್ಣು ನೋಡಲು ಹೊರಟವರ ಹಾಗೆ.
ಒಡೆದರೆ ಆರ್ನೂರಕ್ಕೆ ಒಂದೂವರೆ ಕಮ್ಮಿ.
ನಾನು ಕಣ್ಣು ಮುಚ್ಚಿದೆ.

ಸಾಹೇಬರು ಕೆಟ್ಟವರಲ್ಲ.
ಸಕ್ಕರೆ ಇಲ್ಲದ ಟೀ, ಮಗಳ ಸೀಟಿನ ಚಿಂತೆ.
ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡು
ಹಳೆಯದನ್ನೂ ಹೊಸದನ್ನೂ ಕೂಡಿಸಿ, ಎರಡರಿಂದ ಭಾಗಿಸಿ,
"ನೋಡು ಪುಷ್ಪಲತಾ,
ಇಪ್ಪತ್ತು ಪಾಯಿಂಟ್ ಒಂದು. ಒಂದು ಜಾಸ್ತಿನೇ ಇದೆ" ಅಂದರು.
ರೂಲಿನಲ್ಲಿ ಹಾಗಿದೆಯಾ ಅಂತ ನಾನು ಕೇಳಲಿಲ್ಲ.
ಇಲ್ಲ ಅಂತ ನನಗೆ ಗೊತ್ತಿತ್ತು.

ಸೂರಿನ ಬ್ಯಾನರು ಕಟ್ಟಿದ ಹಾಲಿನಲ್ಲಿ
ಸ್ಕೂಲು ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ಟಿಗೆ ಕೈ ಹಾಕಿ
ಚೀಟಿ ಎತ್ತಿದ.
ಕ್ಯಾತಮಾರನಹಳ್ಳಿಯ ನಮ್ಮ ವಠಾರದ ಹಿಂದೆ
ತಗಡಿನ ಕೆಳಗೆ ಹನ್ನೆರಡು ಮಳೆಗಾಲ ಕಳೆದ
ಶಮೀಮ್‌ಬಾನುಗೆ ಬಂತು: ಸಿ, ಮೂರನೇ ಮಹಡಿ, ಹನ್ನೊಂದು.

ಭಾನುವಾರ ಕರೆದಿದ್ದಳು, ಹೋದೆ.
ನಲ್ಲಿ ತಿರುಗಿಸಿ ತೋರಿಸಿದಳು. ಲೈಟು ಹಾಕಿ, ಆರಿಸಿ, ಮತ್ತೆ ಹಾಕಿ.
ಹಕ್ಕುಪತ್ರ ಲ್ಯಾಮಿನೇಟ್ ಆಗಿ
ಅಕ್ಕಿ ಡಬ್ಬಿಯ ಹಿಂದೆ ನಿಂತಿತ್ತು.
ಆಮೇಲೆ ಮಣೆ ಮುಂದಿಟ್ಟುಕೊಂಡು
ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತಳು,
ಕಪ್ಪು ಹಿಟ್ಟು ಚಿವುಟಿ ಕಡ್ಡಿಗೆ ಹೊಸೆದಳು,
ಒಂದು ಮುಗಿಯುವುದರೊಳಗೆ ಇನ್ನೊಂದು.
ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ.
ಅಲ್ಲಿ ಸರಾಸರಿ ನಡೆಯುವುದಿಲ್ಲ,
ಸೊಟ್ಟ ಇದ್ದದ್ದನ್ನು ಮೇಸ್ತ್ರಿ ಎಣಿಸಿ ಬಿಸಾಡುತ್ತಾನಂತೆ.

ನಾನು ಗೆಣ್ಣಿನಿಂದ ಕಂಬವನ್ನು ತಟ್ಟಿದೆ, ಮೆಲ್ಲಗೆ.
"ಏನು ನೋಡ್ತಿದ್ದೀರಿ?"
"ಬಣ್ಣ," ಅಂದೆ. "ಚೆನ್ನಾಗಿ ಹೊಡೆದಿದ್ದಾರೆ."
"ಮೇಲೆ ನಾಲ್ಕು ಸಿಂಟೆಕ್ಸ್ ಬೇರೆ ಇಟ್ಟಿದ್ದಾರೆ," ಅಂದಳು ಹೆಮ್ಮೆಯಿಂದ.
ನಾಲ್ಕು. ಒಂದೊಂದು ಎರಡು ಸಾವಿರ ಲೀಟರು.
ಎಂಟು ಟನ್ನು.
ಟೀ ಗಂಟಲಲ್ಲಿ ನಿಂತಿತು.

ಹೊರಡುವಾಗ ಒಂದು ಕಟ್ಟು ಕೊಟ್ಟಳು, ಮಲ್ಲಿಗೆಯದು,
ಕಂಪನಿ ತಗೊಳ್ಳದೆ ಬಿಟ್ಟ ಸೊಟ್ಟ ಕಡ್ಡಿಗಳು.
ಅದು ಈಗ ಡ್ರಾಯರಿನಲ್ಲಿದೆ, ರಿಜಿಸ್ಟರಿನ ಮೇಲೆ.
ಪುಟ ತೆರೆದರೆ ಹದಿಮೂರು ಪಾಯಿಂಟ್ ಆರಕ್ಕೂ ಮಲ್ಲಿಗೆ ವಾಸನೆ.
ಆ ಪುಟದ ಫೋಟೋ ನನ್ನ ಮೊಬೈಲಿನಲ್ಲಿದೆ.
ಯಾರಿಗೂ ಕಳಿಸಿಲ್ಲ. ಅಳಿಸಿಯೂ ಇಲ್ಲ.

ರಾತ್ರಿ ದೂರದಲ್ಲಿ ಲಾರಿ ಹಳ್ಳಕ್ಕೆ ಬಿದ್ದು ಎದ್ದರೆ
ಎದ್ದು ಕೂತು ಕಿವಿಗೊಡುತ್ತೇನೆ,
ಅದು ಸದ್ದು ಮಾಡುವ ಜಾತಿಯದಲ್ಲ ಅಂತ
ಗೊತ್ತಿದ್ದೂ.