ಕಡ ಕೊಟ್ಟ ಮೂಗು

ವರ್ದ್ಗೆಸನ ಗ್ಯಾರೇಜಿಗೂ ನನ್ನ ರೊಟ್ಟಿಯಂಗಡಿಗೂ ಒಂದೇ ಗೋಡೆ.
ಭೂಕಂಪದ ಮರುವರ್ಷ ರೈಲಿನಲ್ಲಿ ಗ್ಯುಮ್ರಿಗೆ ಬಂದಿಳಿದ
ಕಬ್ಬಿಣದ ಡಬ್ಬಿಮನೆ ಅದು. ಅವನ ಅಕ್ಕಂದಿರು
ಅದರೊಳಗೇ ಮದುವೆಯ ವಯಸ್ಸಿಗೆ ಬಂದರು.
ಈಗ ಸತ್ತ ಬ್ಯಾಟರಿಗಳು, ಗೇರುಪೆಟ್ಟಿಗೆ, ಒಂದು ಬೆಕ್ಕು.

ಎಂಥ ಇಂಜಿನ್ನಿನ ಕಾಯಿಲೆಯನ್ನೂ ಕಿವಿಯಲ್ಲೇ ಹಿಡಿಯುತ್ತಾನೆ.
ಮೂಗು ಮಾತ್ರ ಇಲ್ಲ. ಮೂರು ಚಳಿಗಾಲದ ಹಿಂದಿನ ಜ್ವರ
ಹೋಗುವಾಗ ವಾಸನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು.
ಪೆಟ್ರೋಲಿನ ಕೆಲಸ ಬಂದರೆ ಸ್ಪ್ಯಾನರಿನಿಂದ
ಗೋಡೆಗೆ ಎರಡೇಟು:
"ಶೋಗಿಕ್, ಸ್ವಲ್ಪ ಮೂಗು ಕೊಡು."

ಕರೆಯದ ಕಡೆಗೇ ಮೂಗು ತೂರಿಸುವವಳು,
ಕರೆದರೆ ಬಿಡುತ್ತೇನೆಯೇ?
ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹಿಮ ತುಳಿದು ಹೋದೆ.

ಬಾನೆಟ್ಟು ತೆರೆದು ನಿಂತಿತ್ತು ಹಳೇ ಓಪೆಲ್,
ಸಂತೆಯಲ್ಲಿ ಹಲ್ಲು ತೋರಿಸುವ ಕುದುರೆಯ ಹಾಗೆ.
ಪಕ್ಕಕ್ಕೆ ಮ್ಕರ್ತಿಚ್.
ಅವನಿಂದ ಮೂರು ಮಾರು ದೂರಕ್ಕೆ
ಹೆಂಡತಿ ಹೈಕಾನುಶ್, ಕೈಚೀಲ ಎದೆಗೊತ್ತಿಕೊಂಡು.

ಲೆಕ್ಕ ಅವಳದು. ತುಂಬಿಸಿದ ಟ್ಯಾಂಕು ಮೊದಲೆಲ್ಲ ಎಂಟು ದಿನ,
ಈಗ ಐದಕ್ಕೇ ಬರಿದು.
ಆಸ್ಪತ್ರೆಯ ಬಾಯ್ಲರಿಗೆ ಕಾವಲು ಕೂತು ಮನೆಗೆ ಬರುವವನಿಗೆ
ಇಷ್ಟು ಪೆಟ್ರೋಲು ಯಾತಕ್ಕೆ? ಉಳಿದದ್ದು ಯಾವ ದಾರಿಗೆ?
ಅವಳು ಕೇಳಲಿಲ್ಲ. ಕೇಳದೆಯೇ ನಿಂತಿದ್ದಳು.

ಹಚ್ಚದ ಸಿಗರೇಟು ಕಚ್ಚಿಕೊಂಡೇ ವರ್ದ್ಗೆಸ್
ಒಂದು ತೆಳು ರಬ್ಬರು ಪೈಪು ಕಿತ್ತು ನನ್ನ ಮುಖಕ್ಕೆ ಹಿಡಿದ.
"ಇದರಲ್ಲಿ ಗಾಳಿಯಷ್ಟೇ ಇರಬೇಕು."
ಮೂಸಿದೆ.
ಕಣ್ಣು ನೀರಾಡುವಷ್ಟು, ಅಪ್ಪಟ ಪೆಟ್ರೋಲು.

ಮತ್ತೆ ನೋಡಬೇಕು ಅವನ ಕೈ:
ಪಂಪಿನ ಫ್ಯೂಸು ಕಿತ್ತು, ಇಂಜಿನ್ನು ಕೆಮ್ಮಿ ತಾನಾಗಿ ಸಾಯುವ ತನಕ ಕಾದು,
ಬಟ್ಟೆ ಸುತ್ತಿ, ಎರಡು ಬೋಲ್ಟು ಸಡಿಲಿಸಿ,
ಆಕ್ರೋಟಿನಷ್ಟು ದಪ್ಪದ ಲೋಹದ ಗುಂಡನ್ನು
ಸೂಲಗಿತ್ತಿಯ ಹಾಗೆ ತಿರುಗಿಸುತ್ತ ಹೊರಗೆಳೆದ.
ಯೆರೆವಾನಿನಿಂದ ವ್ಯಾನಿನ ಡ್ರೈವರು ತಂದಿಟ್ಟ ಹೊಸದಕ್ಕೆ
ಒಂದು ಹನಿ ಎಣ್ಣೆ, ಹೊಸ ಉಂಗುರ,
ಒಂದು ಒತ್ತು. ಟಕ್.

ಹಳೆಯದನ್ನು ಎಸೆಯಲಿಲ್ಲ. ವೈಸಿಗೆ ಕಚ್ಚಿಸಿ,
ಗರಗಸದಲ್ಲಿ ಸೀಳಿ ಹೈಕಾನುಶಳ ಅಂಗೈಗೆ ಇಟ್ಟ.
"ಈ ಕಡೆಯಿಂದ ಪೆಟ್ರೋಲು ನೂಕುತ್ತದೆ,
ಆ ಕಡೆಯಿಂದ ಸ್ಪ್ರಿಂಗು. ಹೆಚ್ಚಾದದ್ದು ಟ್ಯಾಂಕಿಗೆ ವಾಪಸು.
ನಡುವೆ ಇರುವುದು ಇದೊಂದು ತೊಗಲು, ಅಕ್ಕ.
ಹರಿದಿದೆ ನೋಡಿ. ನಿಮ್ಮ ದುಡ್ಡು ಹೋದದ್ದು ಇಲ್ಲಿಂದ."

ಉಗುರಿನಷ್ಟು ಬಿರುಕು.
ಅವಳು ಅದನ್ನು ಬೆಳಕಿಗೆ ಹಿಡಿದಳು, ಮುಚ್ಚಿದಳು, ಮತ್ತೆ ಹಿಡಿದಳು.
ಆಮೇಲೆ ನಕ್ಕಳು, ಚಿಕ್ಕವಳ ಹಾಗೆ, ಬಾಯಿಗೆ ಕೈ ಅಡ್ಡ ಇಟ್ಟು.
ಗಂಡನ ಕೋಟಿನ ಕಾಲರು ಸರಿಮಾಡಿದಳು.

"ಒಳಗೂ ಒಮ್ಮೆ ನೋಡಿಬಿಡು" ಎಂದ ವರ್ದ್ಗೆಸ್.
ಹಿಂದಿನ ಬಾಗಿಲು ತೆಗೆದು ಬಗ್ಗಿದೆ.
ಪೆಟ್ರೋಲು ಇರಲಿಲ್ಲ.
ಸೀಟಿನ ಸಂದಿಯಲ್ಲಿ ಇನ್ನೊಂದು ಇತ್ತು:
ಮಗು ಕಕ್ಕಿದ ಹಾಲಿನ ಹುಳಿ,
ಅದರ ಮೇಲೆ ಬೆಚ್ಚಗೆ, ಎಳೆಯ ನೆತ್ತಿಯ ಎಣ್ಣೆ.

ಅವರ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಿಲ್ಲ,
ಇಪ್ಪತ್ತಾರು ವರ್ಷ.

ಕನ್ನಡಿಯಲ್ಲಿ ಮ್ಕರ್ತಿಚನ ಕಣ್ಣು ನನ್ನ ಮೇಲೆ.
ಬೇಡಲಿಲ್ಲ, ಗದರಲಿಲ್ಲ,
ಬಾಯ್ಲರಿನ ಮುಳ್ಳು ನೋಡುವವನ ಹಾಗೆ ನೋಡಿದ.

"ಏನಾದರೂ ಇದೆಯಾ?" ವರ್ದ್ಗೆಸನ ದನಿ.
"ಪೆಟ್ರೋಲಿಲ್ಲ" ಎಂದೆ.
ಕೇಳಿದ್ದು ಅಷ್ಟಕ್ಕೇ, ಕಡ ಕೊಟ್ಟದ್ದೂ ಅಷ್ಟಕ್ಕೇ.

ವಾಪಸು ಬರುವಷ್ಟರಲ್ಲಿ ಒಲೆಯಲ್ಲಿ ಎರಡು ರೊಟ್ಟಿ ಕರಕು.
ಬೀದಿಗೆಲ್ಲ ಗೊತ್ತಾಗಿತ್ತು, ವರ್ದ್ಗೆಸನೊಬ್ಬನನ್ನು ಬಿಟ್ಟು.

ಹೈಕಾನುಶ್ ಬಂದಳು. ಹತ್ತು ರೊಟ್ಟಿ ಕಟ್ಟಿಸಿಕೊಂಡಳು,
ಯಾವತ್ತೂ ನಾಲ್ಕೇ.
ಮೈಯಿಂದ ಪೆಟ್ರೋಲಿನ ಘಮ ಇನ್ನೂ ಹೋಗಿರಲಿಲ್ಲ.
"ಚಿಲ್ಲರೆ ನೀನೇ ಇಟ್ಟುಕೋ" ಎಂದಳು.

ಇಟ್ಟುಕೊಂಡೆ.