ಕೊಗನೊಳ್ಳಿ ನಾಕಾದಾಗ ಗೋಮಾ

ಚಹಾದಂಗಡಿ ಟೇಬಲ್ ಮ್ಯಾಲ
ಗ್ಲಾಸು ಬೋರಲ ಹಾಕಿ ಭರಮಾ ಮಾಮಾ ಹೇಳ್ತಾನ:
ಇದು ಗುಡ್ಡ, ನೆತ್ತ್ಯಾಗ ಬೆಂಕಿ.
ಚೆಲ್ಲಿದ್ದು ಕೆರಿ.
ಬೀಡಿ ಅಡ್ಡ ಇಟ್ಟರ
ಈಚೆ ಗೋಮಾ, ಆಚೆ ಮತ್ತೊಂದು ದೇಶ.

ನೀಲಿ ಟೊಪಗಿ ಹಾಕ್ಕೊಂಡು ವರ್ಷ ನಿಂತಿದ್ದ ಅಲ್ಲೆ.
ಲಾವಾ ಹರಿದು ಆರಿದ ಕರಿಗಲ್ಲಿನ ಮ್ಯಾಲ
ಜನ ಮತ್ತ ಗ್ವಾಡಿ ಎಬ್ಬಿಸಿದ್ರು.
ಬಂದೂಕಿನವರು ಬಂದ್ರು, ಹೋದ್ರು, ಮತ್ತ ಬಂದ್ರು.
ಗೇಟು ತೆರೆದ ಮುಂಜಾನೆ
ಟೊಮ್ಯಾಟೊ ಹೊತ್ತ ಹೆಣ್ಮಕ್ಕಳು ಅದs ಸಾಲಿನ್ಯಾಗ.

‘ಯಾ ಕಡೆದಾಕಿ ನೀ?’ ಕೇಳಿದ್ನಂತ.
ಆಕಿ ಬುಟ್ಟಿ ತೋರಿಸಿದ್ಲು.

ನಮ್ಮ ಕಾಲಾಗಿನ ಕರಿಗಲ್ಲೂ ಒಮ್ಮೆ ಹರಿದದ್ದs,
ಮಾಮಾ ಅಂದ,
ಯಾವ ಭಾಷೆದ್ದೂ ಬೋರ್ಡು ಇಲ್ಲದಾಗ.

ನಿಪ್ಪಾಣಿ ಬಸ್ಸು ಹಾರ್ನ್ ಹೊಡೀತು.
ಪೋರ ಬಂದು ಅರಿವೀಲೆ
ಎರಡೂ ದೇಶ ಒರೆಸಿ ಹೋದ.

ಗಡಿ ಬಾಯಾಗಿಟ್ಟು
ಮಾಮಾ ಮೂರು ಕಡ್ಡಿ ಗೀರಿದ.
ತೊಯ್ದಿತ್ತು,
ಹತ್ತಲಿಲ್ಲ.